ಟ್ಯಾಂಕಿನ ಮೇಲೆ ಉಳಿದ ಕುಟುಂಬ

ಲಿಫ್ಟ್ ಕಂಪನಿಯ ಸಿಬ್ಬಂದಿ ಕ್ಷೇಮಾಭಿವೃದ್ಧಿ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮ, ತಮ್ಮ ತಿರುಗುವ ಕುರ್ಚಿ ಕ್ಷೇಮ, ತಮ್ಮ ಕೊಠಡಿಯ ಬಾಗಿಲ ಮೇಲೆ ಹಿತ್ತಾಳೆಯಲ್ಲಿ ಕೂರಿಸಿರುವ ‘ಕ್ಷೇಮ’ ಎಂಬ ಪದವೂ ಕ್ಷೇಮ ಎಂದು ಭಾವಿಸಿ, ತಮ್ಮ ಅಮೂಲ್ಯ ಸಮಯದಲ್ಲಿ ಒಂದಿಷ್ಟನ್ನು ಹಾಳು ಮಾಡುವುದಕ್ಕೆ ಮೊದಲೇ ಕ್ಷಮೆ ಬೇಡುತ್ತ, ಈ ಪತ್ರವನ್ನು ಬಹಿರಂಗವಾಗಿ ಬಿನ್ನವಿಸಿಕೊಳ್ಳುತ್ತಿದ್ದೇನೆ. ಮುಚ್ಚಿದ ಲಕೋಟೆಯಲ್ಲಿ ಇದಕ್ಕೆ ಮೊದಲೇ ಹಲವು ಸಲ ಬರೆದಿದ್ದೆ. ಎಲ್ಲಕ್ಕೂ ‘ತಮ್ಮ ಪತ್ರ ತಲುಪಿದೆ, ತಾವು ನಮಗೆ ಬಹಳ ಮುಖ್ಯ’ ಎಂಬ ಒಂದೇ ಉತ್ತರ ಬಂದದ್ದರಿಂದ, ಇಷ್ಟೊಂದು ಮುಖ್ಯನಾದವನು ಇನ್ನೂ ಮುಚ್ಚುಮರೆಯಲ್ಲಿ ಬರೆಯುತ್ತ ಕೂರುವುದು ಸರಿಯಲ್ಲ ಎನಿಸಿತು.

ನಾನು ಯಾರೆಂದು ತಮಗೆ ನೆನಪಿರಲಿಕ್ಕಿಲ್ಲ. ತಮ್ಮ ಕಂಪನಿಯಲ್ಲಿ ಏಳು ವರ್ಷ ಲಿಫ್ಟ್ ರಿಪೇರಿ ಮಾಡಿ, ಹೋದ ತಿಂಗಳು ‘ಹೆಚ್ಚುವರಿ’ ಎಂದು ಮನೆಗೆ ಕಳಿಸಲಾದ ಮೆಕ್ಯಾನಿಕ್ಕುಗಳಲ್ಲಿ ನಾನೂ ಒಬ್ಬ. ಲಿಫ್ಟುಗಳು ಇನ್ನು ಮುಂದೆ ತಮ್ಮ ಕಾಯಿಲೆಯನ್ನು ತಾವೇ ಕಂಪ್ಯೂಟರಿಗೆ ಹೇಳಿಕೊಳ್ಳುತ್ತವೆಂದೂ, ಆದ್ದರಿಂದ ಕುಟುಂಬವನ್ನು ಸ್ವಲ್ಪ ಚಿಕ್ಕದು ಮಾಡಬೇಕಾಗಿದೆಯೆಂದೂ ತಾವು ಅಂದು ಗದ್ಗದ ಕಂಠದಲ್ಲಿ ವಿವರಿಸಿದಿರಿ. ಕುಟುಂಬ ಯೋಜನೆಯನ್ನು ಮಕ್ಕಳು ಹುಟ್ಟುವುದಕ್ಕೆ ಮೊದಲು ಮಾಡುವುದು ಲೋಕದ ರೂಢಿ. ಮಕ್ಕಳು ಬೆಳೆದು, ಮೀಸೆ ಬಂದು, ಮನೆ ಬಾಡಿಗೆ ಕಟ್ಟತೊಡಗಿದ ಮೇಲೆ ಮಾಡುವುದು ತಮ್ಮ ವಿಭಾಗದ ಸ್ವಂತ ಸಂಶೋಧನೆ. ಇದಕ್ಕಾಗಿ ತಮ್ಮನ್ನು ಅಭಿನಂದಿಸದಿದ್ದರೆ ನನ್ನ ನಾಲಿಗೆಗೆ ಹುಳ ಬಿದ್ದೀತು.

ಆದರೆ ನನ್ನ ದೂರು ಕೆಲಸ ಹೋದದ್ದರ ಬಗ್ಗೆ ಅಲ್ಲ. ದೂರು ಅಂಟಿನ ಬಗ್ಗೆ.

ನಾನು ಸೇರಿದ ದಿನ ತಾವು ಸ್ವತಃ ಅಂಗಳಕ್ಕೆ ಇಳಿದು ಬಂದು, ನನ್ನ ಹೊಸ ಮೋಟಾರ್ ಸೈಕಲ್ಲಿನ ಕಡುಗೆಂಪು ಟ್ಯಾಂಕಿನ ಎರಡೂ ಪಕ್ಕಕ್ಕೆ ‘ನಾವೆಲ್ಲ ಒಂದೇ ಕುಟುಂಬ’ ಎಂಬ ಕಂಪನಿಯ ಘೋಷವಾಕ್ಯವನ್ನು ಅಕ್ಷರ ಅಕ್ಷರವಾಗಿ ಕತ್ತರಿಸಿದ ಬಿಳಿಯ ಸ್ಟಿಕ್ಕರನ್ನು ಅಂಟಿಸಿ, ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ತಮ್ಮದೇ ವಿಸಿಟಿಂಗ್ ಕಾರ್ಡಿನಿಂದ ಒತ್ತಿ ತೀಡಿ, ನನ್ನ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡಿದ್ದಿರಿ. ಆ ಫೋಟೊ ಇವತ್ತಿಗೂ ನಮ್ಮ ಮನೆಯ ಟಿವಿ ಪಕ್ಕದಲ್ಲಿದೆ. ಅದರಲ್ಲಿ ತಾವು ನಗುತ್ತಿದ್ದೀರಿ, ನಾನು ನಗುತ್ತಿದ್ದೇನೆ, ಟ್ಯಾಂಕು ನಮ್ಮಿಬ್ಬರಿಗಿಂತ ಹೊಳೆಯುತ್ತಿದೆ. ಗಾಡಿ ನನ್ನದು, ಪೆಟ್ರೋಲು ನನ್ನದು, ಕುಟುಂಬ ಮಾತ್ರ ತಮ್ಮದು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಅಂಥ ಸ್ಟಿಕ್ಕರನ್ನು ತೆಗೆಯಬೇಕೆಂಬ ಸುತ್ತೋಲೆ ಹೊರಡಿಸಿದವರೂ ತಾವೇ. ಕೆಲಸ ಬಿಡುವವರು ವಾಹನದ ಮೇಲೆ ಕಂಪನಿಯ ‘ಯಾವುದೇ ಗುರುತು’ ಉಳಿಯದಂತೆ ಮಾಡಿ, ಗೇಟಿನಲ್ಲಿ ತಪಾಸಣೆಗೆ ಒಪ್ಪಿಸಿ, ಪಾಸಾದ ಮೇಲೆಯೇ ಅನುಭವ ಪತ್ರ ಪಡೆಯತಕ್ಕದ್ದು ಎಂದು ಅದರಲ್ಲಿದೆ. ಅಷ್ಟೇ ಆಗಿದ್ದರೆ ನಾನು ಪತ್ರ ಬರೆದು ತಮ್ಮ ಊಟದ ವೇಳೆಯನ್ನು ಕೆಡಿಸುತ್ತಿರಲಿಲ್ಲ. ಆದರೆ ಊರಾಚೆಯ ಒಂದು ಸಣ್ಣ ಲಿಫ್ಟ್ ರಿಪೇರಿ ಶೆಡ್ಡಿನಲ್ಲಿ ನನಗೆ ಕೆಲಸ ಸಿಗುವಂತಿತ್ತು. ಏಳು ವರ್ಷದ ಅನುಭವ ಇದೆ ಎನ್ನುವುದಕ್ಕೆ ತಿಂಗಳ ಕೊನೆಯೊಳಗೆ ಪತ್ರ ತಂದರೆ ಹಿರಿಯ ಮೆಕ್ಯಾನಿಕ್ ಆಗಿ ಸೇರಬಹುದು, ತಾರದಿದ್ದರೆ ಬೇರೆಯವರು ಕಾದಿದ್ದಾರೆ ಎಂದು ಅಲ್ಲಿನ ಗುಮಾಸ್ತರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಹೀಗಾಗಿ ನನ್ನ ಹೆಂಡತಿ ಮಕ್ಕಳ ಮುಂದಿನ ಹೊಟ್ಟೆಪಾಡು ಒಂದು ಟ್ಯಾಂಕಿನ ನಯದ ಮೇಲೆ ನಿಂತಿತ್ತು.

ಮೊದಲ ತಪ್ಪು ನನ್ನದೇ. ತಾವು ಗದ್ಗದಿತರಾದ ಆ ಮಧ್ಯಾಹ್ನ ನಾನು ನೇರ ಅಂಗಳಕ್ಕೆ ಬಂದು, ಕೋಪ ನೆತ್ತಿಗೇರಿದ್ದ ಹೊತ್ತಿನಲ್ಲಿ, ಸ್ಟಿಕ್ಕರನ್ನು ಉಗುರಿನಿಂದ ಪರಪರ ಕಿತ್ತು ಹಾಕಿದೆ. ಬಿಳಿಯ ಹಾಳೆ ಬಂತು, ಅಂಟು ಬರಲಿಲ್ಲ. ಕಿತ್ತ ಅಕ್ಷರಗಳ ಆಕಾರದಲ್ಲೇ ಅದು ಟ್ಯಾಂಕಿನ ಮೇಲೆ ಪಾರದರ್ಶಕವಾಗಿ ಕೂತಿತು. ಮನೆ ಮುಟ್ಟುವಷ್ಟರಲ್ಲಿ ರಸ್ತೆಯ ಧೂಳೆಲ್ಲ ಅದಕ್ಕೆ ಮೆತ್ತಿಕೊಂಡು, ಬಿಳಿಯದರಲ್ಲಿ ಯಾರೂ ಗಮನಿಸದಿದ್ದ ಕುಟುಂಬ ಕಪ್ಪಿನಲ್ಲಿ ಎದ್ದು ಕಾಣತೊಡಗಿತು. ಮರುದಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಪಕ್ಕದ ಕಾರಿನವರೊಬ್ಬರು ಗಾಜು ಇಳಿಸಿ, “ಏನ್ರೀ, ನಮ್ ಲಿಫ್ಟ್ ನಿಂತು ಎರಡು ದಿನ ಆಯ್ತು, ನಿಮ್ ಕಂಪನಿಯವರು ಫೋನೇ ಎತ್ತಲ್ಲವಲ್ಲ!” ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. ಸಂಬಳವಿಲ್ಲದೆಯೂ ಕಂಪನಿಯ ಪರವಾಗಿ ಬೈಸಿಕೊಳ್ಳುವ ಸೇವೆಯನ್ನು ನಾನು ಅಂದಿನಿಂದ ಮುಂದುವರಿಸಿದ್ದೇನೆ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ನನ್ನ ಹೆಂಡತಿ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವವಳು. ಟ್ಯಾಂಕನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ, ತನ್ನ ಗಿರಾಕಿಗಳ ಮುಂದೆ ಆಡುವ ದನಿಯಲ್ಲೇ, “ರೀ, ಇದು ವ್ಯಾಕ್ಸಿಂಗ್ ಇದ್ದ ಹಾಗೆ. ಬಿಸಿ ಮಾಡ್ದೆ ಎಳೆದ್ರೆ ಚರ್ಮ ಬರುತ್ತೆ, ಕೂದಲು ಅಲ್ಲೇ ಇರುತ್ತೆ” ಎಂದಳು. ಮೊದಲೇ ಹೇಳಬಾರದಿತ್ತೇ ಎಂದರೆ, ಕೆಲಸ ಹೋಗುತ್ತದೆಂದು ನೀವು ಮೊದಲೇ ಹೇಳಿದ್ದಿರಾ ಎಂದು ಕೇಳಿದಳು. ಹಾಗೆ ಶುರುವಾದದ್ದು ನಮ್ಮ ಮನೆಯ ಅಂಟು ವಿಮೋಚನಾ ಚಳವಳಿ. ಅವಳು ಕೂದಲು ಒಣಗಿಸುವ ಯಂತ್ರ ಹಿಡಿದು ಟ್ಯಾಂಕಿಗೆ ಬಿಸಿಗಾಳಿ ಊದಿದಳು, ನಾನು ಸಾಬೂನಿನ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದೆ. ಅಂಟು ಮೆತ್ತಗಾಯಿತು, ಬೆರಳಿಗೆ ಬಂತು, ಬೆರಳಿನಿಂದ ಬಟ್ಟೆಗೆ ಹೋಯಿತು, ಬಟ್ಟೆಯಿಂದ ಮತ್ತೆ ಟ್ಯಾಂಕಿಗೆ ಮರಳಿತು. ತವರಿಗೆ ಇಷ್ಟು ಬೇಗ ವಾಪಸಾಗುವ ಮಗಳನ್ನು ನಾನು ಕಂಡಿಲ್ಲ.

ಆಗ ನನ್ನ ಬಾಮೈದುನನ ಪ್ರವೇಶವಾಯಿತು. ಅವನಿಗೆ ಜಗತ್ತಿನ ಎಲ್ಲ ಸಮಸ್ಯೆಗಳಿಗೂ ಎರಡು ನಿಮಿಷದ ಪರಿಹಾರ ಗೊತ್ತು. “ಭಾವ, ಥಿನ್ನರ್ ಹಾಕಿ ಒಂದ್ಸಲ ಒರೆಸಿದ್ರೆ ಮುಗೀತು, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಂತೀರ?” ಎಂದು ಡಬ್ಬಿಯ ಮುಚ್ಚಳ ತೆಗೆದೇಬಿಟ್ಟ. ಟ್ಯಾಂಕಿನ ಮೇಲೆ ಬೇಡ, ಬ್ಯಾಟರಿ ಮುಚ್ಚುವ ಪಕ್ಕದ ತಗಡಿನ ಮೇಲೂ ಕಂಪನಿಯ ಬಾಣದ ಗುರುತು ಅಂಟಿಸಿದ್ದ ಜಾಗವಿದೆ, ಅಲ್ಲಿ ಮೊದಲು ನೋಡು ಎಂದು ನಾನು ಅವನ ಕೈ ಹಿಡಿದದ್ದು ನನ್ನ ಪುಣ್ಯ. ಅಲ್ಲಿ ಬಣ್ಣ ಸುಕ್ಕಾಯಿತು, ಅಂಟಿನ ಜೊತೆ ಕಲೆತು ಗುಲಾಬಿ ಲೋಳೆಯಾಯಿತು, ಕೊನೆಗೆ ತಗಡು ಬೆಳ್ಳಗೆ ಇಣುಕಿತು. ಬಾಮೈದುನ ಡಬ್ಬಿಯ ಮುಚ್ಚಳ ಹಾಕಿ, ಇದು ಬಣ್ಣದ ದೋಷ ಎಂದು ತೀರ್ಪು ಕೊಟ್ಟು ಟೀ ಕುಡಿಯಲು ಹೋದ. ದೊಡ್ಡ ಸ್ಥಾನಕ್ಕೆ ಬೇಕಾದ ಎಲ್ಲ ಲಕ್ಷಣಗಳೂ ಅವನಲ್ಲಿರುವುದರಿಂದ ತಮ್ಮ ವಿಭಾಗದಲ್ಲಿ ಜಾಗವಿದ್ದರೆ ಪರಿಶೀಲಿಸಬೇಕಾಗಿ ಕೋರುತ್ತೇನೆ.

ಕೊನೆಗೆ ಕೈ ಹಿಡಿದವರು ನನ್ನ ಅತ್ತೆ. ಡಬ್ಬಿಗಳ ಮೇಲಿನ ಬೆಲೆ ಚೀಟಿಯನ್ನು ಕಿತ್ತು, ಒರೆಸಿ, ಅದೇ ಡಬ್ಬಿಗಳಲ್ಲಿ ಬೇಳೆ ತುಂಬಿಡುವುದರಲ್ಲೇ ಅವರ ಅರ್ಧ ಆಯುಷ್ಯ ಕಳೆದಿದೆ. “ಎಣ್ಣೆ ಹಚ್ಚಿ ಬಿಡಿ ಅಳಿಯಂದ್ರೇ, ನೆನೀಲಿ. ನೀವು ಮಧ್ಯೆ ಮಧ್ಯೆ ಕೈ ಹಾಕಿ ನೋಡ್ಬೇಡಿ” ಎಂದು ಅಡುಗೆ ಎಣ್ಣೆಯ ಬಟ್ಟೆಯನ್ನು ಟ್ಯಾಂಕಿಗೆ ಪಟ್ಟಿ ಕಟ್ಟಿದರು. ನೆನೆದ ಅಂಟನ್ನು ಗೀರು ಬೀಳದಂತೆ ಎಬ್ಬಿಸಲು ಗಟ್ಟಿಯೂ ಅಲ್ಲದ, ಮೆತ್ತಗೂ ಅಲ್ಲದ ಒಂದು ವಸ್ತು ಬೇಕಿತ್ತು. ಮನೆಯಿಡೀ ಹುಡುಕಿದ ಮೇಲೆ ಅದಕ್ಕೆ ಹೇಳಿ ಮಾಡಿಸಿದಂತೆ ಒದಗಿದ್ದು ಕಂಪನಿಯ ಗುರುತಿನ ಕಾರ್ಡು. ತಪಾಸಣೆ ಪಾಸಾಗುವ ತನಕ ಅದನ್ನು ವಾಪಸ್ ಪಡೆಯುವಂತಿಲ್ಲ ಎಂದು ತಾವೇ ವಿಧಿಸಿದ್ದರಿಂದ ಅದು ನನ್ನ ಬಳಿಯೇ ಇತ್ತು. ಏಳು ವರ್ಷ ಕೊರಳಲ್ಲಿ ನೇತಾಡಿಕೊಂಡಿದ್ದ ಆ ಕಾರ್ಡು ನನಗಾಗಿ ಒಂದು ಕೆಲಸ ಮಾಡಿಕೊಟ್ಟದ್ದು ಅದೇ ಮೊದಲು.

ಈ ನಡುವೆ ಗೇಟಿನ ತಪಾಸಣೆಗೆ ಹೋಗಿ ಬರುವುದು ನಡೆದೇ ಇತ್ತು. ತಮ್ಮ ಹತ್ತಿಯ ಪರೀಕ್ಷೆಯ ಬಗ್ಗೆ ಎಷ್ಟು ಹೊಗಳಿದರೂ ಸಾಲದು. ಸ್ಟಿಕ್ಕರ್ ಇದ್ದ ಜಾಗದ ಮೇಲೆ ಒಂದು ಹತ್ತಿಯ ಉಂಡೆಯನ್ನು ಎಳೆಯುವುದು, ಒಂದೇ ಒಂದು ಎಳೆ ಅಂಟಿಕೊಂಡರೂ ನಪಾಸು ಎನ್ನುವುದು! ಲಿಫ್ಟಿನ ಹಗ್ಗ ಸವೆದಿದೆ, ಬದಲಾಯಿಸಿ ಎಂದು ನಾವು ಬರೆದು ಕೊಟ್ಟಾಗ ‘ಇನ್ನೂ ಸ್ವಲ್ಪ ದಿನ ನೋಡೋಣ’ ಎನ್ನುತ್ತಿದ್ದ ಕಂಪನಿಯಲ್ಲಿ ಇಷ್ಟು ಸೂಕ್ಷ್ಮವಾದ ತಪಾಸಣೆ ಇತ್ತೆಂದು ನನಗೆ ಗೊತ್ತಿರಲಿಲ್ಲ. ಗೇಟಿನ ಕಾವಲುಗಾರರು, ಪಾಪ, “ಬೇಜಾರ್ ಮಾಡ್ಕೋಬೇಡ ತಮ್ಮ, ಎಳೆ ಅಂಟ್ಕೊಂತು. ನಾನು ಕಣ್ ಮುಚ್ಕೊಂಡ್ರೂ ಆ ಮೇಲಿರೋ ಕ್ಯಾಮೆರಾ ಕಣ್ ಮುಚ್ಚಲ್ಲ” ಎಂದು ನೆಲ ನೋಡುತ್ತ ಹೇಳುತ್ತಿದ್ದರು.

ಅಂಟಿನ ಗುಣವನ್ನು ಇಲ್ಲಿ ಎರಡು ಮಾತಿನಲ್ಲಿ ಕೊಂಡಾಡಲು ಅಪ್ಪಣೆಯಾಗಬೇಕು. ಬಿಸಿ ತಾಕಿದರೂ, ಸಾಬೂನು ಸುರಿದರೂ, ಜಪ್ಪಯ್ಯ ಅಂದರೂ ತಾನು ಹಿಡಿದದ್ದನ್ನು ಬಿಡದ ಇಂಥ ನಿಷ್ಠೆಯನ್ನು ನಾನು ತಮ್ಮ ಕಚೇರಿಯ ಯಾವ ಮಹಡಿಯಲ್ಲೂ ಕಂಡಿರಲಿಲ್ಲ. ಸ್ಟಿಕ್ಕರು ಹೋಯಿತು, ಕೆಲಸ ಹೋಯಿತು, ಹೆಗಲ ಮೇಲಿನ ಕೈ ಎಂದೋ ಹೋಗಿತ್ತು, ಅಂಟು ಮಾತ್ರ ಇತ್ತು. ನಮ್ಮನ್ನೆಲ್ಲ ವರ್ಷ ವರ್ಷಕ್ಕೂ ಗುತ್ತಿಗೆಯ ಮೇಲೆ ಇಟ್ಟುಕೊಂಡಿದ್ದ ಕಂಪನಿಯಲ್ಲಿ ಕಾಯಂ ಆಗಿದ್ದದ್ದು ಅದೊಂದೇ. ಆದ್ದರಿಂದ ತಾವು ನಿವೃತ್ತರಾದಾಗ ಆ ತಿರುಗುವ ಕುರ್ಚಿಗೆ ಇನ್ನೊಬ್ಬರನ್ನು ಹುಡುಕದೆ ಒಂದು ಡಬ್ಬಿ ಅಂಟನ್ನು ಕೂರಿಸಬೇಕೆಂದು ನನ್ನ ವಿನಮ್ರ ಕೋರಿಕೆ. ಯಾರನ್ನಾದರೂ ಬಿಟ್ಟುಬಿಡುವ ಪ್ರಸಂಗ ಬಂದರೆ ಅದು ತಮಗಿಂತ ಹೆಚ್ಚು ಸಂಕಟಪಡುತ್ತದೆ.

ಕಡೆಗೂ ಅದು ಸೋತಿತು. ಎಣ್ಣೆಯಲ್ಲಿ ನೆಂದು, ಕಾರ್ಡಿನ ಅಂಚಿಗೆ ಉರುಳಿ ಉರುಳಿ ಸಣ್ಣ ಬೂದು ಹುಳಗಳಂತೆ ಬಿದ್ದುಹೋಯಿತು. ಉಳಿದ ಜಿಡ್ಡನ್ನು ಸಾಬೂನಿನಿಂದ ತೊಳೆದು, ಒಣಗಿಸಿ, ರಾತ್ರಿ ದೀಪದ ಮಂಕು ಬೆಳಕಿನಲ್ಲೇ ಮೆತ್ತನೆಯ ಬಟ್ಟೆಯಿಂದ ಪಾಲಿಷ್ ಹಾಕಿ, ತಿಂಗಳ ಕೊನೆಗೆ ಇನ್ನೂ ದಿನ ಇರುವಾಗಲೇ ನಾನು ಗೇಟಿಗೆ ಬಂದೆ. ಕಾವಲುಗಾರರು ಹತ್ತಿಯನ್ನು ಎಳೆದರು. ಅದು ಜಾರಿ ಅವರ ಕೈಯಿಂದಲೇ ಬಿದ್ದುಹೋಯಿತು. ಇಬ್ಬರೂ ಚಿಕ್ಕ ಹುಡುಗರ ಹಾಗೆ ನಕ್ಕೆವು. ಆಮೇಲೆ ಅವರು ಒಂದು ಹೆಜ್ಜೆ ಹಿಂದೆ ಸರಿದು ಟ್ಯಾಂಕನ್ನು ನೋಡಿದರು, ಅವರ ನಗು ನಿಂತಿತು, ಅವರ ಪಕ್ಕಕ್ಕೆ ಹೋಗಿ ನಿಂತು ನಾನೂ ನೋಡಿದೆ.

ಅಲ್ಲಿ ‘ನಾವೆಲ್ಲ ಒಂದೇ ಕುಟುಂಬ’ ಎಂದಿತ್ತು, ಮಾನ್ಯರೇ. ಅಂಟಿನಲ್ಲಿ ಅಲ್ಲ, ಧೂಳಿನಲ್ಲಿ ಅಲ್ಲ, ಬಣ್ಣದಲ್ಲೇ. ಲಿಫ್ಟ್ ರಿಪೇರಿಯವನ ಗಾಡಿಗೆ ನೆರಳಿನಲ್ಲಿ ಜಾಗ ಕೊಡುವ ಪದ್ಧತಿ ಯಾವ ಕಟ್ಟಡದಲ್ಲೂ ಇಲ್ಲ. ನಾನು ಒಳಗೆ ಕತ್ತಲ ಗುಂಡಿಯಲ್ಲಿ ಹಗ್ಗ ಬಿಗಿಯುತ್ತಿದ್ದಷ್ಟು ಹೊತ್ತೂ ಅದು ಹೊರಗೆ ಬಿಸಿಲಲ್ಲಿ ನಿಂತಿರುತ್ತಿತ್ತು. ಏಳು ವರ್ಷದ ಬಿಸಿಲಿಗೆ ಟ್ಯಾಂಕಿನ ಕಡುಗೆಂಪು ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಸ್ಟಿಕ್ಕರಿನ ಕೆಳಗೆ ಬಿಸಿಲು ಬಿದ್ದಿರಲಿಲ್ಲ. ಹೀಗಾಗಿ ಆ ಅಕ್ಷರಗಳಷ್ಟೇ, ತಾವು ನನ್ನ ಹೆಗಲ ಮೇಲೆ ಕೈ ಹಾಕಿದ ದಿನದ ಕಡುಗೆಂಪಿನಲ್ಲಿ, ಫೋಟೊದಲ್ಲಿದ್ದಂತೆಯೇ ಹೊಳೆಯುತ್ತಿದ್ದವು.

ಇದನ್ನು ಕಾವಲುಗಾರರು ಫೋನಿನಲ್ಲಿ ತಮಗೆ ವಿವರಿಸಲು ಪಟ್ಟ ಪಾಡು ನೆನೆದರೆ ಈಗಲೂ ಕರುಳು ಚುರುಕ್ಕೆನ್ನುತ್ತದೆ. ಅಲ್ಲಿ ಏನೂ ಇಲ್ಲ ಸಾರ್, ಆದ್ರೆ ಓದೋಕೆ ಬರುತ್ತೆ ಸಾರ್ ಎಂದು ಅವರು ಮತ್ತೆ ಮತ್ತೆ ಹೇಳಿದರು. ತಾವು ಇಳಿದು ಬಂದು ನೋಡಲಿಲ್ಲ. ಸುತ್ತೋಲೆಯಲ್ಲಿ ‘ಯಾವುದೇ ಗುರುತು’ ಎಂದಿದೆ, ಇದು ಗುರುತು, ತೆಗೆಸಿಕೊಂಡು ಬರಲಿ ಎಂದು ಅಪ್ಪಣೆ ಕೊಡಿಸಿದಿರಿ. ಅಂದು ಗೇಟಿನ ಹೊರಗೆ ಗಾಡಿಯ ಮೇಲೆ ಕೂತು ನಾನು ಅತ್ತುಬಿಟ್ಟೆ ಎಂಬುದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಕೆಲಸ ಹೋದ ದಿನವೂ ನಾನು ಅತ್ತಿರಲಿಲ್ಲ.

ತಮ್ಮ ಅಪ್ಪಣೆಯನ್ನು ಪಾಲಿಸಲು ಇದ್ದ ದಾರಿಗಳನ್ನು ನಾನು ಪ್ರಾಮಾಣಿಕವಾಗಿ ಯೋಚಿಸಿದ್ದೇನೆ. ಟ್ಯಾಂಕಿಗೆ ಹೊಸ ಬಣ್ಣ ಹೊಡೆಸಬಹುದು. ಆದರೆ ಸಂಬಳ ನಿಲ್ಲಿಸಿದವರ ಅಕ್ಷರ ಅಳಿಸಲು ಮಕ್ಕಳ ಶಾಲೆಯ ಶುಲ್ಕ ಮುರಿಯಲು ಹೆಂಡತಿ ಒಪ್ಪಲಿಲ್ಲ. ಇಲ್ಲವೇ ಅಕ್ಷರಗಳನ್ನು ಮಾತ್ರ ತೆರೆದಿಟ್ಟು ಉಳಿದ ಟ್ಯಾಂಕಿಗೆಲ್ಲ ಕಾಗದ ಹೊದಿಸಿ, ಗಾಡಿಯನ್ನು ಇನ್ನು ಏಳು ವರ್ಷ ಬಿಸಿಲಲ್ಲಿ ನಿಲ್ಲಿಸಬಹುದು. ಹಾಗೆ ಮಾಡುವುದಾದರೆ ತಮ್ಮ ನಿವೃತ್ತಿಯನ್ನು ಅಷ್ಟು ಕಾಲ ಮುಂದಕ್ಕೆ ಹಾಕಿಸಿಕೊಳ್ಳಬೇಕಾಗುತ್ತದೆ. ಅದೂ ಆಗದಿದ್ದರೆ ಸೂರ್ಯನಿಗೆ ತಮ್ಮ ವಿಭಾಗದಿಂದಲೇ ಒಂದು ನೋಟಿಸು ಹೋಗಲಿ. ಕಂಪನಿಯ ಸ್ಟಿಕ್ಕರಿನ ಸುತ್ತಮುತ್ತ ಪೂರ್ವಾನುಮತಿಯಿಲ್ಲದೆ ಬಿಸಿಲು ಬೀರಿ ಆಸ್ತಿಯ ಗುರುತನ್ನು ಎದ್ದು ಕಾಣುವಂತೆ ಮಾಡಿದ್ದೇಕೆ ಎಂದು ವಿವರಣೆ ಕೇಳಿ, ಉತ್ತರ ಬರುವ ತನಕ ಅದನ್ನು ಅಮಾನತಿನಲ್ಲಿಡಬಹುದು.

ಪತ್ರವಿಲ್ಲದೆ ತಿಂಗಳ ಕೊನೆ ಬಂತು. ಬರುವುದಿಲ್ಲವೆಂದು ಹೇಳದೆ ತಲೆಮರೆಸಿಕೊಳ್ಳುವುದು ಮರ್ಯಾದೆಯಲ್ಲ ಎನಿಸಿ ಆ ಶೆಡ್ಡಿಗೆ ಹೋದೆ. ಟ್ಯಾಂಕು ಯಾರಿಗೂ ಕಾಣದಿರಲೆಂದು ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಲು ಜಾಗ ಹುಡುಕುತ್ತಿದ್ದಾಗ ಸಾಲಾಗಿ ನಿಂತಿದ್ದ ಗಾಡಿಗಳು ಕಣ್ಣಿಗೆ ಬಿದ್ದವು. ಒಂದು ನೀಲಿ, ಒಂದು ಹಸಿರು, ಒಂದು ಕಪ್ಪು ಮಾಸಿ ಬೂದಿಯಾದದ್ದು. ಎಲ್ಲದರ ಟ್ಯಾಂಕಿನ ಮೇಲೂ, ಆಯಾ ಗಾಡಿಯ ಮೊದಲ ದಿನದ ಬಣ್ಣದಲ್ಲಿ, ನಾವೆಲ್ಲ ಒಂದೇ ಕುಟುಂಬ. ನೀಲಿ ಗಾಡಿಯ ಪಕ್ಕದಲ್ಲಿ, ನನ್ನ ಜೊತೆಗೇ ತಾವು ಮನೆಗೆ ಕಳಿಸಿದ ನಮ್ಮ ಸ್ಟೋರಿನವನು ನಿಂತಿದ್ದ. ಬಾರೋ, ನಿನ್ನನ್ನೇ ಕಾಯ್ತಿದ್ವಿ ಎಂದು ಅವನು ನನ್ನ ಹೆಗಲ ಮೇಲೆ ಕೈ ಹಾಕಿದ. ಫೋಟೊ ತೆಗೆಯುವವರು ಯಾರೂ ಇರಲಿಲ್ಲ.

ಶೆಡ್ಡಿನ ಒಡತಿ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ನಾನು ಪತ್ರ ತಂದಿಲ್ಲವೆಂದೆ. ಅವರು ನನ್ನ ಮುಖವನ್ನು ನೋಡದೆ ಬಗ್ಗಿ ಟ್ಯಾಂಕನ್ನು ನೋಡಿದರು, ಮಾಸಿದ ಕೆಂಪಿನ ಮೇಲೂ ಮಾಸದ ಕೆಂಪಿನ ಮೇಲೂ ಬೆರಳಾಡಿಸಿದರು, ಆರು ವರ್ಷಕ್ಕಂತೂ ಕಮ್ಮಿಯಿಲ್ಲ ಎಂದರು. ಏಳು ಎಂದೆ. ಪತ್ರವೇ ಬೇಕು ಎಂದು ಗುಮಾಸ್ತರು ಒಳಗಿನಿಂದ ದನಿ ಎತ್ತಿದಾಗ ಅವರು ತಿರುಗಿ ಹೇಳಿದ್ದನ್ನು ತಮ್ಮ ಅವಗಾಹನೆಗೆ ಹಾಗೆಯೇ ಬರೆಯುತ್ತಿದ್ದೇನೆ: “ಲೆಟರ್ ಯಾರ್ ಬೇಕಾದ್ರೂ ಟೈಪ್ ಮಾಡಿಸ್ಕೊಂಡ್ ಬರ್ತಾರೆ. ಈ ಬಣ್ಣಾನ ಯಾರ್ ಟೈಪ್ ಮಾಡ್ತಾರೆ?” ನಾಳೆಯೇ ಬನ್ನಿ, ಗಾಡಿಯನ್ನು ಒಳಗೆ ನೆರಳಿಗೆ ನಿಲ್ಲಿಸಿ ಎಂದೂ ಹೇಳಿದರು.

ಆದ್ದರಿಂದ ಮಾನ್ಯರೇ, ತಾವು ತಡೆಹಿಡಿದ ಅನುಭವ ಪತ್ರವನ್ನು ಇನ್ನು ಕೊಡುವ ತೊಂದರೆ ತೆಗೆದುಕೊಳ್ಳಬಾರದಾಗಿ ಪ್ರಾರ್ಥನೆ. ತಾವು ಕೊಡದೆ ಇದ್ದದ್ದನ್ನು ಬಿಸಿಲು ಕೊಟ್ಟಿದೆ, ಅದಕ್ಕೆ ತಮ್ಮ ಸಹಿಯ ಅಗತ್ಯ ಬೀಳಲಿಲ್ಲ. ‘ನಾವೆಲ್ಲ ಒಂದೇ ಕುಟುಂಬ’ ಎಂದು ತಾವು ಅಂಟಿಸಿದ ಮಾತು ಸುಳ್ಳೆಂದು ನಾನು ಮನೆಮಂದಿಯ ಮುಂದೆಲ್ಲ ಆಡಿಕೊಂಡಿದ್ದೆ, ಅದನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತೇನೆ. ಮಾತು ನಿಜವೇ ಆಗಿತ್ತು. ಅದರಲ್ಲಿ ತಾವು ಇರಲಿಲ್ಲ, ಅಷ್ಟೇ.

ತಮ್ಮ ಹಿಡಿತದಿಂದ ಪೂರ್ತಿ ಬಿಟ್ಟುಕೊಂಡರೂ ಗುರುತು ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ಒಬ್ಬ ಹೆಚ್ಚುವರಿ ಮೆಕ್ಯಾನಿಕ್

ಮರೆತ ಮಾತು: ಉಳಿದ ಸ್ಟಿಕ್ಕರುಗಳ ಕಟ್ಟುಗಳನ್ನು ಸ್ವಂತ ಖರ್ಚಿನಲ್ಲಿ ಸಾಗಹಾಕತಕ್ಕದ್ದು ಎಂದು ನಮ್ಮ ಸ್ಟೋರಿನವನಿಗೆ ತಾವು ಆಜ್ಞೆ ಮಾಡಿದ್ದಿರಿ. ಅವನು ಆಜ್ಞೆ ಮೀರಿದವನಲ್ಲ. ಈ ಪತ್ರ ಬಹಿರಂಗ ಪತ್ರವಾದ್ದರಿಂದ ಇದನ್ನು ತಮ್ಮ ಹೊಸ ಹಸಿರು ಬಣ್ಣದ ಗೇಟಿಗೆ, ಮೂಲೆಗೊಂದರಂತೆ ಆ ಸ್ಟಿಕ್ಕರುಗಳಿಂದಲೇ, ಗಾಳಿಯ ಗುಳ್ಳೆ ಉಳಿಯದಂತೆ ಚೆನ್ನಾಗಿ ತೀಡಿ ಅಂಟಿಸಿದ್ದೇವೆ. ಮೇಲಿನ ಕ್ಯಾಮೆರಾದ ಕಣ್ಣಿಗೂ ಒಂದು ಹಾಕಿದ್ದರಿಂದ, ಆಗ ಟೀ ಕುಡಿಯಲು ಹೋಗಿದ್ದ ಕಾವಲುಗಾರರನ್ನು ವಿಚಾರಿಸಿ ಪ್ರಯೋಜನವಿಲ್ಲ. ಕೋಪದಲ್ಲಿ ಕೀಳಬೇಡಿ, ಬಿಸಿಗಾಳಿ, ಎಣ್ಣೆ, ತಾಳ್ಮೆ, ಎಲ್ಲ ಮೇಲೆ ವಿವರವಾಗಿದೆ, ಕೆರೆಯಲು ತಮ್ಮ ಗುರುತಿನ ಕಾರ್ಡು ಸಾಕು. ಗೇಟಿಗೆ ದಿನವಿಡೀ ಬಿಸಿಲು ಬೀಳುವುದರಿಂದ ತಡ ಮಾಡದಿರುವುದು ಒಳ್ಳೆಯದು. ಕೆಲಸ ಮುಗಿದ ಮೇಲೆ ತಿಳಿಸಿ, ಹತ್ತಿ ಹಿಡಿದುಕೊಂಡು ತಪಾಸಣೆಗೆ ನಾನೇ ಬರುತ್ತೇನೆ.